ಶಾಲೆಯ ಮನೆಗಾಗಿ ಊರೂರು ಅಲೆದ ಹೊರೇಸ್ ಮ್ಯಾನ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಿಕ್ಷಣ ಕ್ಷೇತ್ರದ ಮಹನೀಯರೊಬ್ಬರ ಜೀವನ ಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ನಾನು ನಮ್ಮ ಸೀಮೆಯ ಹಿರಿಯರೊಬ್ಬರನ್ನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಅಂಥವರ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಾನು ಬರೆಯಹೊರಟಿರುವುದು ಕನ್ನಡದ ಹೆಸರನ್ನೇ ಕೇಳಿರದಿದ್ದ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಬ್ಬ ವಕೀಲರ ಬಗ್ಗೆ. ಇದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ಶಾಲೆಯ ಮುಖ್ಯೋಪಾಧ್ಯಾಯನಾಗಿ ನಾನು ಹೊಣೆ ಹೊತ್ತ ಮೊದಲ ಮಳೆಗಾಲವನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮರೆತಿರಲಾರರು. ಪಶ್ಚಿಮದ ಬದಿಯ ಮುರಕಲ್ಲಿನ ಗೋಡೆ ನೀರು ಕುಡಿದು ಉಬ್ಬಿತ್ತು. ಮಾಡಿನ ಹಂಚುಗಳು ಸರಿದು, ಐದನೆಯ ಮತ್ತು ಆರನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಬೇಕಾಯಿತು. ನಮ್ಮದು ಅನುದಾನಿತ ಶಾಲೆ. ಅಧ್ಯಾಪಕರ ಸಂಬಳವನ್ನು ಸರಕಾರ ಕೊಡುತ್ತದೆ, ಕಟ್ಟಡದ ಹೊಣೆ ಆಡಳಿತ ಮಂಡಳಿಯದು. ಮಂಡಳಿಯ ಕೈ ಬರಿದಾಗಿತ್ತು. ಊರವರ ಸಭೆ ಕರೆದೆವು. ತನ್ನ ಮಕ್ಕಳೆಲ್ಲ ಓದಿ ಹೊರಗೆ ಹೋಗಿಯಾಯಿತು, ಇನ್ನು ಈ ಮಾಡಿಗೆ ತಾನೇಕೆ ಹಣ ಕೊಡಬೇಕೆಂದು ಒಬ್ಬರು ಕೇಳಿದರು. ತನ್ನ ಮಗು ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತದೆ, ತನಗೇನು ಸಂಬಂಧವೆಂದು ಇನ್ನೊಬ್ಬರು. ಮುಖ್ಯೋಪಾಧ್ಯಾಯರು ಬರುತ್ತಾರೆ, ಹೋಗುತ್ತಾರೆ, ಇವರ ಮಾತಿಗೆ ಕೊಟ್ಟ ಹಣಕ್ಕೆ ನಾಳೆ ಯಾರು ಲೆಕ್ಕ ಹೇಳುವವರೆಂದು ಮೂರನೆಯವರು. ಆ ರಾತ್ರಿ ಮನೆಗೆ ಬಂದು, ತರಬೇತಿಯ ದಿನಗಳಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಶಿಕ್ಷಣದ ಇತಿಹಾಸದ ಪುಸ್ತಕವನ್ನು ಸುಮ್ಮನೆ ತಿರುವುತ್ತಿದ್ದಾಗ ಹೊರೇಸ್ ಮ್ಯಾನ್ ಅವರ ಅಧ್ಯಾಯ ಸಿಕ್ಕಿತು. ನಮ್ಮ ಸಭೆಯಲ್ಲಿ ಎದ್ದ ಮೂರು ಪ್ರಶ್ನೆಗಳನ್ನೂ ಅವರು ನೂರೈವತ್ತು ವರ್ಷಗಳ ಹಿಂದೆಯೇ ಎದುರಿಸಿದ್ದರು. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಮ್ಯಾನ್ ಹುಟ್ಟಿದ್ದು 1796ರ ಮೇ 4ರಂದು, ಫ್ರಾಂಕ್ಲಿನ್ ಎಂಬ ಸಣ್ಣ ಊರಿನ ಬಡ ಒಕ್ಕಲು ಮನೆಯಲ್ಲಿ. ಬೆಂಜಮಿನ್ ಫ್ರಾಂಕ್ಲಿನ್ ಅವರ ಗೌರವಾರ್ಥವಾಗಿ ಊರವರು ತಮ್ಮ ಊರಿಗೆ ಆ ಹೆಸರನ್ನಿಟ್ಟುಕೊಂಡಿದ್ದರು. ಆ ಸಲುಗೆಯಿಂದ ಪ್ರಾರ್ಥನಾ ಮಂದಿರಕ್ಕೊಂದು ಗಂಟೆಯನ್ನು ದಯಪಾಲಿಸಬೇಕೆಂದು ಬಿನ್ನವಿಸಿಕೊಂಡರು. ನಾದಕ್ಕಿಂತ ಅರಿವು ಮೇಲೆಂದು ತಿಳಿದ ಆ ಹಿರಿಯರು ಗಂಟೆಯ ಬದಲು ಪುಸ್ತಕಗಳನ್ನು ಕಳಿಸಿಕೊಟ್ಟರು. ಒಟ್ಟು 116 ಸಂಪುಟಗಳು. ಬಾಲಕ ಹೊರೇಸ್ ಬೆಳೆದದ್ದು ಆ ಪುಸ್ತಕಗಳನ್ನು ಓದಿ. ಶಾಲೆಯೆಂಬುದು ಆತನ ಪಾಲಿಗೆ ವರ್ಷದಲ್ಲಿ ಎಂಟು ಹತ್ತು ವಾರಗಳ ಸಂಗತಿ, ಅದೂ ಚಳಿಗಾಲದಲ್ಲಿ. ಉಳಿದ ಕಾಲವೆಲ್ಲ ಹೊಲದ ದುಡಿಮೆ. ಆ ಊರಿನಲ್ಲಿ ಒಣಹುಲ್ಲಿನ ಟೋಪಿಗಳ ಕಸುಬಿತ್ತು. ಹುಲ್ಲನ್ನು ಹೆಣೆದುಕೊಟ್ಟು ಬಂದ ಕಾಸಿನಿಂದ ಈ ಹುಡುಗ ತನ್ನ ಪಠ್ಯಪುಸ್ತಕಗಳನ್ನು ಕೊಳ್ಳುತ್ತಿದ್ದ. ಬೀಡಿ ಕಟ್ಟಿ ಫೀಸು ತೆತ್ತ ಮಕ್ಕಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಮರುವರ್ಷ ಅಣ್ಣ ಕೆರೆಯಲ್ಲಿ ಮುಳುಗಿದ. ಊರಿನ ಧರ್ಮಬೋಧಕರು ಆ ಸಾವಿನ ಸಂದರ್ಭದಲ್ಲಿಯೂ ನರಕದ ಭಯವನ್ನೇ ಬೋಧಿಸಿದರಂತೆ. ಆ ಗಾಯ ಮ್ಯಾನ್ ಅವರ ಮನಸ್ಸಿನಿಂದ ಕಡೆಯವರೆಗೆ ಮಾಯಲಿಲ್ಲ. ಮಕ್ಕಳನ್ನು ಭಯದಿಂದ ತಿದ್ದುವ ಎಲ್ಲ ಪದ್ಧತಿಗಳ ಮೇಲೆ ಮುಂದೆ ಅವರಿಗಿದ್ದ ಅಸಹನೆಯ ಬೇರು ಇಲ್ಲಿದೆ ಎಂದು ನನ್ನ ಊಹೆ. ತಡವಾಗಿ, ಇಪ್ಪತ್ತರ ವಯಸ್ಸಿನಲ್ಲಿ, ಬ್ರೌನ್ ವಿಶ್ವವಿದ್ಯಾಲಯ ಸೇರಿ 1819ರಲ್ಲಿ ಪದವೀಧರರಾದರು. 1823ರಲ್ಲಿ ವಕೀಲಿ ವೃತ್ತಿ, 1827ರಲ್ಲಿ ಶಾಸಕ ಸ್ಥಾನ. ವುಸ್ಟರ್ ನಗರದಲ್ಲಿ ಮಾನಸಿಕ ರೋಗಿಗಳಿಗಾಗಿ ರಾಜ್ಯದ ಆಸ್ಪತ್ರೆಯೊಂದು ಸ್ಥಾಪನೆಯಾಗಲು ಮುಖ್ಯವಾಗಿ ಶ್ರಮಿಸಿದವರು ಅವರೇ. 1830ರಲ್ಲಿ ಕೈಹಿಡಿದ ಶಾರ್ಲಟ್ ಎರಡೇ ವರ್ಷಗಳಲ್ಲಿ ತೀರಿಹೋದರು. ಅನಂತರ ಮ್ಯಾನ್ ಅವರ ತಲೆ ಬಹು ಬೇಗ ನರೆಯಿತೆಂದು ಬಲ್ಲವರು ಬರೆದಿದ್ದಾರೆ.

1837ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಶಿಕ್ಷಣ ಮಂಡಳಿಯೊಂದನ್ನು ರಚಿಸಿತು. ಆ ಕಾಯಿದೆಗೆ ಸೆನೆಟ್ಟಿನ ಅಧ್ಯಕ್ಷರಾಗಿ ಸಹಿ ಹಾಕಿದವರು ಮ್ಯಾನ್. ಕೆಲವೇ ವಾರಗಳಲ್ಲಿ ಅದರ ಕಾರ್ಯದರ್ಶಿಯಾಗಬೇಕೆಂಬ ಕರೆ ಅವರಿಗೇ ಬಂತು. ಒಳ್ಳೆಯ ವಕೀಲಿಯನ್ನೂ, ಮುಂದೆ ಗವರ್ನರ್ ಆಗಬಹುದಾಗಿದ್ದ ರಾಜಕೀಯ ಜೀವನವನ್ನೂ ಬಿಟ್ಟು, ವರ್ಷಕ್ಕೆ 1500 ಡಾಲರುಗಳ ಈ ಹುದ್ದೆಯನ್ನು ಅವರು ಒಪ್ಪಿಕೊಂಡಾಗ ಸ್ನೇಹಿತರು ಬೆರಗಾದರು. ಬೆರಗಿಗೆ ಇನ್ನೊಂದು ಕಾರಣವೂ ಇತ್ತು. ಆ ಹುದ್ದೆಗೆ ಅಧಿಕಾರವೆಂಬುದೇ ಇರಲಿಲ್ಲ. ಒಬ್ಬ ಶಿಕ್ಷಕನನ್ನು ನೇಮಿಸುವಂತಿಲ್ಲ, ತೆಗೆಯುವಂತಿಲ್ಲ, ಒಂದು ಕಿಟಕಿಯನ್ನು ಇಡಿಸುವಂತಿಲ್ಲ. ಮಾಹಿತಿ ಕಲೆಹಾಕುವುದು, ವರದಿ ಬರೆಯುವುದು, ಭಾಷಣ ಮಾಡುವುದು, ಇಷ್ಟೇ.

ಏಕೆ ಹಾಗೆ ಎಂಬುದನ್ನು ತಿಳಿಯಲು ಅಲ್ಲಿನ ಶಾಲಾ ವಲಯಗಳ ವಿಷಯವನ್ನು ಸ್ವಲ್ಪ ಹೇಳಬೇಕು. ವಲಯವೆಂದರೆ ನಮ್ಮ ಜಿಲ್ಲೆಯಷ್ಟು ದೊಡ್ಡದೆಂದು ತಿಳಿಯಬಾರದು. ಒಂದೊಂದು ಊರನ್ನೂ ಹಲವು ತುಂಡು ಮಾಡಿ, ಒಂದು ತುಂಡಿಗೆ ಒಂದು ಶಾಲೆಯೆಂದು ಬಿಟ್ಟುಕೊಟ್ಟಿದ್ದರು. ನಮ್ಮ ಕಡೆಯ ಒಂದು ಬೈಲಿನಷ್ಟೇ ವಿಸ್ತಾರ. ಆ ಬೈಲಿನ ಮನೆಗಳವರೇ ಸಭೆ ಸೇರಿ ಕಟ್ಟಡಕ್ಕೆ ತೆರಿಗೆ ಹಾಕಿಕೊಳ್ಳಬೇಕು, ಅವರು ಆರಿಸಿದ ಒಬ್ಬ ಹಿರಿಯ ಶಿಕ್ಷಕನನ್ನು ಗೊತ್ತು ಮಾಡಬೇಕು. ಹಿರಿಯ ವರ್ಷಕ್ಕೊಬ್ಬ, ಶಿಕ್ಷಕನೂ ವರ್ಷಕ್ಕೊಬ್ಬ, ಕೆಲವು ಕಡೆ ಚಳಿಗಾಲಕ್ಕೊಬ್ಬ, ಬೇಸಗೆಗೊಬ್ಬಳು. ಹಿರಿಯನ ನೆಂಟನಿಗೆ ಕೆಲಸ ಸಿಗುವುದೂ ಉಂಟು. ಕೇಳಲು ಇದು ಜನರ ಆಡಳಿತದಂತೆಯೇ ಇದೆ, ಒಂದು ಮಟ್ಟಿಗೆ ಹೌದು ಕೂಡ. ಆದರೆ ಶಾಲೆಯ ಮನೆಯನ್ನು ಎಲ್ಲಿ ಕಟ್ಟಬೇಕೆಂಬ ಜಗಳ ವರ್ಷಗಟ್ಟಲೆ ನಡೆದು, ಕಡೆಗೆ ಯಾರಿಗೂ ಬೇಡವಾದ ತುಂಡು ನೆಲದಲ್ಲಿ, ದಾರಿ ಕೂಡುವ ಮೂಲೆಯಲ್ಲಿ, ಅಂಗಳವೂ ಇಲ್ಲದೆ, ಎಷ್ಟೋ ಕಡೆ ಶೌಚಕ್ಕೆ ಮರೆಯೂ ಇಲ್ಲದೆ ಅದು ಎದ್ದು ನಿಲ್ಲುತ್ತಿತ್ತು.

ಅಧಿಕಾರವಿಲ್ಲದ ಕಾರ್ಯದರ್ಶಿ ಕುದುರೆ ಹತ್ತಿ ಹೊರಟರು. 1837ರ ಆ ಮೊದಲ ಪ್ರವಾಸದಲ್ಲಿ ಊರೂರಿಗೆ ಹೋಗಿ ಸಭೆ ನಡೆಸಿದರು. ಕೆಲವೆಡೆ ಬೆರಳೆಣಿಕೆಯ ಜನ. ಸಭೆ ಮುಗಿದ ಮೇಲೆ ಅವರು ಮಾಡುತ್ತಿದ್ದ ಕೆಲಸ ನನಗೆ ಬಹಳ ಮೆಚ್ಚಿಕೆಯಾದದ್ದು. ಶಾಲೆಯ ಮನೆಗಳ ಉದ್ದಗಲ, ಕಟ್ಟಿರುವ ರೀತಿ, ಈಗಿನ ಸ್ಥಿತಿ ಇವನ್ನೆಲ್ಲ ಕಣ್ಣಾರೆ ಕಂಡು, ಇಲ್ಲವೇ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ರಾಜ್ಯದ ಸುಮಾರು 3000 ಶಾಲೆಗಳಲ್ಲಿ 800ರಷ್ಟರ ವಿವರ ಹೀಗೆ ಅವರ ಕೈಸೇರಿತು. 1838ರಲ್ಲಿ ಅವರು ಶಾಲಾ ಕಟ್ಟಡಗಳನ್ನೇ ಕುರಿತು ಒಂದು ಪ್ರತ್ಯೇಕ ವರದಿಯನ್ನು ಒಪ್ಪಿಸಿದರು. ಅದರ ತಿರುಳು ಸರಳವಾದದ್ದು. ಬೆನ್ನಿಗೆ ಆಸರೆಯಿಲ್ಲದ, ಕಾಲು ನೆಲಕ್ಕೆ ತಾಗದ ಎತ್ತರದ ಬೆಂಚಿನ ಮೇಲೆ ದಿನವಿಡೀ ಕುಳಿತ ಸಣ್ಣ ಮಗು ತುಂಟತನ ಮಾಡಿದರೆ ತಪ್ಪು ಬೆಂಚಿನದು, ಮಗುವಿನದಲ್ಲ. ಗಾಳಿಯಾಡದ ಕೋಣೆಯಲ್ಲಿ ಐವತ್ತು ಮಂದಿಯ ಉಸಿರನ್ನೇ ಮತ್ತೆ ಮತ್ತೆ ಉಸಿರಾಡಿದವರಿಗೆ ತೂಕಡಿಕೆ ಬಂದರೆ ಅದಕ್ಕೆ ಬೆತ್ತ ಮದ್ದಲ್ಲ. ಒಲೆಯ ಹತ್ತಿರದ ಮಗು ಬೇಯುವುದು, ಬಾಗಿಲ ಬಳಿಯದು ನಡುಗುವುದು, ಇವೆರಡೂ ಒಂದೇ ಪಾಠವನ್ನು ಕಲಿಯಲಾರವು. ಗಾಳಿ, ಬೆಳಕು, ಉಷ್ಣ, ಪೀಠಗಳ ಅಳತೆ, ಬಯಲು, ನಿವೇಶನ, ಹೀಗೆ ಒಂದೊಂದನ್ನೂ ಲೆಕ್ಕದೊಡನೆ ವಿವರಿಸಿದ ಆ ಬರಹದಲ್ಲಿ ಕಟ್ಟಡವೇ ಒಬ್ಬ ಶಿಕ್ಷಕನಂತೆ ಕಾಣಿಸಿಕೊಳ್ಳುತ್ತದೆ. ಕೊಟ್ಟಿಗೆಯನ್ನು ಎತ್ತರದ ಜಾಗದಲ್ಲಿ ಕಟ್ಟಿ ಮಕ್ಕಳ ಶಾಲೆಯನ್ನು ತಗ್ಗಿನಲ್ಲಿ ಕಟ್ಟುವ ಊರುಗಳನ್ನು ನಾನೂ ಕಂಡಿರುವೆನಾದ್ದರಿಂದ ಅದನ್ನು ಓದಿ ನಗು ಬರಲಿಲ್ಲ.

ನಮ್ಮ ಸಭೆಯ ಮೊದಲಿಬ್ಬರ ಪ್ರಶ್ನೆಗೆ ಅವರು ಕೊಟ್ಟ ಉತ್ತರವೂ ಗಮನಾರ್ಹವಾದದ್ದು. ಒಂದು ತಲೆಮಾರಿನವರು ಕೈಯಲ್ಲಿ ಹಿಡಿದಿರುವ ಆಸ್ತಿ ಅವರೊಬ್ಬರದೇ ಅಲ್ಲ. ಹಿಂದಿನವರಿಂದ ಬಂದು ಮುಂದಿನವರಿಗೆ ಹೋಗಬೇಕಾದ ಆ ಸಂಪತ್ತಿನಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಕಲಿಯುವಷ್ಟು ಪಾಲಿದೆ. ಆದ್ದರಿಂದ ಮಕ್ಕಳಿಲ್ಲದವನೂ, ಮಕ್ಕಳು ದೊಡ್ಡವರಾದವನೂ ಶಾಲೆಗೆ ತೆರಿಗೆ ಕೊಡುವುದು ದಾನವಲ್ಲ, ಸಾಲದ ಮರುಪಾವತಿ. 1846ರ ಅವರ ಹತ್ತನೆಯ ವರದಿಯ ಅಭಿಪ್ರಾಯ ಇದು. ಮುಂದಿನ ಸಭೆಯಲ್ಲಿ ನಾನು ಇದನ್ನು ಯಾರ ಹೆಸರನ್ನೂ ಹೇಳದೆ ನಮ್ಮ ಮಾತಿನಲ್ಲಿ ಹೇಳಿ ನೋಡಿದೆ. ಮೊದಲ ಪ್ರಶ್ನೆ ಕೇಳಿದ್ದ ಹಿರಿಯರು ಸುಮ್ಮನೆ ಎದ್ದುಹೋದರು. ಒಂದು ವಾರದ ಬಳಿಕ ಅವರ ತೋಟದಿಂದ ಅಡಿಕೆ ಮರದ ಸಲಾಕೆಗಳು ಗಾಡಿಯಲ್ಲಿ ಬಂದು ಶಾಲೆಯ ಅಂಗಳದಲ್ಲಿ ಬಿದ್ದವು. ಹಣವನ್ನು ಮಾತ್ರ ಅವರು ಕೊಡಲಿಲ್ಲ.

ಕಟ್ಟಡದೊಡನೆ ಶಿಕ್ಷಕನೂ ಸುಧಾರಿಸಬೇಕಲ್ಲವೇ? ಎಡ್ಮಂಡ್ ಡ್ವೈಟ್ ಎಂಬ ವ್ಯಾಪಾರಿ 10,000 ಡಾಲರುಗಳನ್ನು ಕೊಡಲು ಮುಂದೆ ಬಂದರು, ರಾಜ್ಯವೂ ಅಷ್ಟನ್ನೇ ಸೇರಿಸಿತು. 1839ರ ಜುಲೈ 3ರಂದು ಲೆಕ್ಸಿಂಗ್ಟನ್ ಊರಿನಲ್ಲಿ ಅಮೆರಿಕದ ಮೊದಲ ಸರಕಾರಿ ಶಿಕ್ಷಕ ತರಬೇತಿ ಶಾಲೆ ತೆರೆಯಿತು. ಅದರ ಹೆಸರು ನಾರ್ಮಲ್ ಶಾಲೆ. ಯೂರೋಪಿನಲ್ಲಿ ಹುಟ್ಟಿದ ಈ ಹೆಸರು ಬೇರೊಂದು ದಾರಿಯಿಂದ ಕನ್ನಡನಾಡಿಗೂ ಬಂದು, ಧಾರವಾಡದ ನಾರ್ಮಲ್ ಶಾಲೆಯೆಂದು ನಮ್ಮ ಹಿರಿಯರ ಬಾಯಲ್ಲಿ ನೆಲಸಿತು. ಲೆಕ್ಸಿಂಗ್ಟನ್ನಿನಲ್ಲಿ ಮೊದಲ ದಿನ ಬಂದ ವಿದ್ಯಾರ್ಥಿನಿಯರು ಮೂವರು. ಪ್ರಿನ್ಸಿಪಾಲ್ ಸೈರಸ್ ಪಿಯರ್ಸ್ ಅವರು ಪಾಠ ಹೇಳುವುದಲ್ಲದೆ ನಸುಕಿನಲ್ಲೆದ್ದು ಕಟ್ಟಡದ ಚಾಕರಿಯನ್ನೂ ತಾವೇ ಮಾಡುತ್ತಿದ್ದರು. ಮೂರೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು 1842ರಲ್ಲಿ ಅವರು ಬಿಟ್ಟರು. ಸ್ಯಾಮ್ಯುಯೆಲ್ ಮೇ ಎಂಬವರು ಬಂದರು. 1844ರಲ್ಲಿ ಪಿಯರ್ಸ್ ಮರಳಿ ಬಂದರು. ಆ ಹೊತ್ತಿಗೆ ಶಾಲೆ ವೆಸ್ಟ್ ನ್ಯೂಟನ್ನಿನ ಬೇರೆ ಕಟ್ಟಡಕ್ಕೆ ಹೋಗಿತ್ತು. ಅದನ್ನು ಕೊಳ್ಳಲು ಬೇಕಾಗಿದ್ದ 1500 ಡಾಲರುಗಳನ್ನು ಜೋಸಯಾ ಕ್ವಿನ್ಸಿ ಎಂಬ ಸ್ನೇಹಿತರು ಕೊಟ್ಟಿದ್ದರು. ಎರಡನೆಯ ನಾರ್ಮಲ್ ಶಾಲೆ ಬ್ಯಾರೆ ಎಂಬಲ್ಲಿ. ಅಲ್ಲಿನ ಪ್ರಿನ್ಸಿಪಾಲರು 1842ರಲ್ಲಿ ತೀರಿಕೊಂಡದ್ದೇ ತಡ ಶಾಲೆಯೂ ಮುಚ್ಚಿತು. 1844ರಲ್ಲಿ ವೆಸ್ಟ್‌ಫೀಲ್ಡ್‌ನಲ್ಲಿ ಅದನ್ನು ಮತ್ತೆ ತೆರೆಯಬೇಕಾಯಿತು. ಮೂರನೆಯದು ಬ್ರಿಜ್‌ವಾಟರ್. ಅಲ್ಲಿ ನಿಕೊಲಸ್ ಟಿಲ್ಲಿಂಗ್‌ಹಾಸ್ಟ್ 1840ರಿಂದ 1853ರವರೆಗೆ ಒಂದೇ ಸಮನೆ ನಿಂತರು. ಅಲ್ಲಿಯೇ 1846ರಲ್ಲಿ ನಾರ್ಮಲ್ ಶಾಲೆಗಾಗಿಯೇ ಕಟ್ಟಿದ ಮೊದಲ ಸ್ವಂತ ಕಟ್ಟಡ ಎದ್ದಿತು. ಈ ಮೂರು ಶಾಲೆಗಳ ಕತೆಯನ್ನು ಅಕ್ಕಪಕ್ಕದಲ್ಲಿಟ್ಟು ಎಷ್ಟೋ ಸಲ ಯೋಚಿಸಿದ್ದೇನೆ. ಐವತ್ತು ವರ್ಷಗಳಲ್ಲಿ ಹಲವು ಮುಖ್ಯೋಪಾಧ್ಯಾಯರನ್ನು ಕಂಡ ನಮ್ಮ ಶಾಲೆ ಬ್ಯಾರೆಯ ದಾರಿ ಹಿಡಿಯದೆ ಉಳಿದದ್ದು ಯಾರ ಪುಣ್ಯವೆಂದು ಹೇಳಲು ನನಗೆ ಬಾರದು.

ವಿರೋಧ ಬರದಿರಲಿಲ್ಲ. ದುಂದುವೆಚ್ಚ, ಊರ ಅಧಿಕಾರದ ಅಪಹರಣ, ಪರದೇಶದ ಅನುಕರಣೆ ಎಂಬ ಆರೋಪಗಳೊಡನೆ 1840ರಲ್ಲಿ ಶಾಸನ ಸಭೆಯ ಸಮಿತಿಯೊಂದು ಶಿಕ್ಷಣ ಮಂಡಳಿಯನ್ನೂ ನಾರ್ಮಲ್ ಶಾಲೆಗಳನ್ನೂ ರದ್ದುಪಡಿಸಲು ಶಿಫಾರಸು ಮಾಡಿತು. ಪರವಾಗಿ 182 ಮತ, ವಿರುದ್ಧವಾಗಿ 245. ಅರವತ್ತಮೂರು ಮತಗಳ ಅಂತರದಲ್ಲಿ ಮಂಡಳಿ ಉಳಿಯಿತು. ಇಷ್ಟಾದರೂ ಪ್ರವಾಸ ನಿಲ್ಲಲಿಲ್ಲ. ಆ ದಶಕದ ನಡುವಿನಲ್ಲಿ ಪಿಟ್ಸ್‌ಫೀಲ್ಡ್ ಎಂಬಲ್ಲಿ ಶಿಕ್ಷಕರ ಶಿಬಿರವೊಂದು ನಡೆಯಬೇಕಾಗಿತ್ತು. ಮ್ಯಾನ್ ಅವರೂ ಗವರ್ನರ್ ಜಾರ್ಜ್ ಬ್ರಿಗ್ಸ್ ಅವರೂ ಬಂದು ನೋಡಿದರೆ ಶಾಲೆಯ ಕೋಣೆ ಗುಡಿಸಿರಲಿಲ್ಲ, ಯಾರೂ ಸಿದ್ಧತೆ ಮಾಡಿರಲಿಲ್ಲ. ಇಬ್ಬರೂ ಪೊರಕೆ ತರಿಸಿಕೊಂಡು, ಕಸ ಗುಡಿಸಿ, ಧೂಳು ಒರೆಸಿ, ಹೊತ್ತಿಗೆ ಸರಿಯಾಗಿ ಶಿಬಿರ ಆರಂಭಿಸಿದರು.

1843ರಲ್ಲಿ ಮೇರಿ ಪೀಬಡಿ ಅವರನ್ನು ಮದುವೆಯಾಗಿ, ಮಧುಚಂದ್ರಕ್ಕೆಂದು ಯೂರೋಪಿಗೆ ಹೊರಟ ದಂಪತಿಗಳು ನೋಡಿದ್ದು ಬಹುಮಟ್ಟಿಗೆ ಶಾಲೆಗಳನ್ನೇ. ಪ್ರಷ್ಯದ ಶಿಕ್ಷಕರು ಕೈಯಲ್ಲಿ ಪುಸ್ತಕ ಹಿಡಿಯದೆ, ಬೆತ್ತವಿಲ್ಲದೆ, ಮಕ್ಕಳ ನಡುವೆ ನಿಂತು ಪಾಠ ಹೇಳುವುದನ್ನು ಕಂಡು ಏಳನೆಯ ವರದಿಯಲ್ಲಿ ಅದನ್ನು ಕೊಂಡಾಡಿದರು. ಬಾಸ್ಟನ್ನಿನ 31 ಮಂದಿ ಶಾಲಾಧ್ಯಾಪಕರು ಇದು ತಮ್ಮ ಮೇಲಿನ ಟೀಕೆಯೆಂದು ಸಿಟ್ಟಾಗಿ ದೊಡ್ಡದೊಂದು ಹೊತ್ತಗೆಯನ್ನೇ ಅಚ್ಚು ಹಾಕಿಸಿದರು. ಮ್ಯಾನ್ ಇನ್ನೂ ದೊಡ್ಡ ಉತ್ತರವನ್ನು ಅಚ್ಚು ಹಾಕಿಸಿದರು. ಅಧ್ಯಾಪಕ ವೃತ್ತಿಯವನಾದ ನನಗೆ ಈ ಜಗಳದಲ್ಲಿ ಆ 31 ಮಂದಿಯ ಮೇಲೂ ಸ್ವಲ್ಪ ಕನಿಕರವಿದೆ. 1845ರಲ್ಲಿ ಮ್ಯಾನ್ ಅವರ ಮಿತ್ರರ ಸಮಿತಿ ಬಾಸ್ಟನ್ನಿನ ಮಕ್ಕಳಿಗೆ ಲಿಖಿತ ಪರೀಕ್ಷೆ ನಡೆಸಿ, ಫಲಿತಾಂಶ ಕಳಪೆಯಾಗಿ, ಕೆಲವು ಹಳೆಯ ಅಧ್ಯಾಪಕರು ಸ್ಥಾನ ಕಳೆದುಕೊಂಡರು. ಪರೀಕ್ಷೆಯ ಭೂತ ಅಲ್ಲಿಂದ ಎಲ್ಲೆಲ್ಲಿಗೆ ಹಬ್ಬಿತೋ ಎಲ್ಲರಿಗೂ ಗೊತ್ತು.

ಅವರ ಒಂದು ಮೌನವನ್ನೂ ಮುಚ್ಚಿಡಬಾರದು. ಬಾಸ್ಟನ್ನಿನಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆಗಳಿದ್ದವು. ತಮ್ಮ ಹೊಸ ಮಂಡಳಿ ಮುರಿದುಬಿದ್ದೀತೆಂಬ ಅಳುಕಿನಿಂದಲೋ ಏನೋ, ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ಅವರು ಅದರ ವಿರುದ್ಧ ಬಹಿರಂಗವಾಗಿ ದನಿಯೆತ್ತಲಿಲ್ಲ. ವೆಸ್ಟ್ ನ್ಯೂಟನ್ನಿನ ನಾರ್ಮಲ್ ಶಾಲೆಗೆ ಬಂದ ಕರಿಯ ವಿದ್ಯಾರ್ಥಿನಿಗೆ ಊರಿನಲ್ಲಿ ಬಿಡಾರ ಸಿಗದಾಗ ಮ್ಯಾನ್ ದಂಪತಿಗಳು ಆಕೆಯನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು ಎಂಬುದೂ ನಿಜ. ಒಂದರಿಂದ ಇನ್ನೊಂದನ್ನು ಅಳಿಸಲಾಗದು. ಆ ಪ್ರತ್ಯೇಕ ಶಾಲೆಗಳನ್ನು ಕಾಯಿದೆ ನಿಷೇಧಿಸಿದ್ದು 1855ರಲ್ಲಿ, ಅವರು ಹುದ್ದೆ ಬಿಟ್ಟ ಮೇಲೆ.

1848ರಲ್ಲಿ ಹಿಂದಿನ ರಾಷ್ಟ್ರಾಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ತೀರಿಕೊಂಡಾಗ, ಕಾಂಗ್ರೆಸ್ಸಿನಲ್ಲಿ ತೆರವಾದ ಅವರ ಸ್ಥಾನಕ್ಕೆ ಮ್ಯಾನ್ ಆಯ್ಕೆಯಾದರು. ಅಲ್ಲಿ ಗುಲಾಮಗಿರಿಯ ವಿರುದ್ಧ ಮನಬಿಚ್ಚಿ ಮಾತನಾಡಿದರು. ಕಾರ್ಯದರ್ಶಿಯ ಹುದ್ದೆ ಬಾರ್ನಸ್ ಸಿಯರ್ಸ್ ಅವರಿಗೆ ಹೋಯಿತು. ಹನ್ನೆರಡು ವರ್ಷ, ಹನ್ನೆರಡು ವರದಿ. ಆ ಅವಧಿಯಲ್ಲಿ ಶಾಲಾ ಕಟ್ಟಡಗಳಿಗಾಗಿ ರಾಜ್ಯದ ಜನ ತಾವೇ ತೆರಿಗೆ ಹಾಕಿಕೊಂಡು ವೆಚ್ಚ ಮಾಡಿದ್ದು 20 ಲಕ್ಷ ಡಾಲರುಗಳಿಗೂ ಮಿಕ್ಕಿ. ಶಿಕ್ಷಕರ ಸಂಬಳ ಶೇಕಡಾ 60ಕ್ಕಿಂತ, ಶಿಕ್ಷಕಿಯರದು ಶೇಕಡಾ 50ಕ್ಕಿಂತ ಹೆಚ್ಚು ಏರಿತು. ಶಾಲೆ ವರ್ಷಕ್ಕೆ ಆರು ತಿಂಗಳಾದರೂ ನಡೆಯಬೇಕೆಂಬ ನಿಯಮ ಬಂತು. ಐವತ್ತರಷ್ಟು ಹೊಸ ಪ್ರೌಢಶಾಲೆಗಳು ಹುಟ್ಟಿದವು. 1842ರಿಂದ, ತಾನೂ ಅಷ್ಟೇ ಹಣ ಕೂಡಿಸುವ ಪ್ರತಿಯೊಂದು ವಲಯಕ್ಕೂ ಗ್ರಂಥಾಲಯಕ್ಕೆಂದು ರಾಜ್ಯ 15 ಡಾಲರು ಕೊಟ್ಟಿತು. ಕಾರ್ಯದರ್ಶಿ ಯಾರ ಮೇಲೂ ಒಂದು ಆಜ್ಞೆಯನ್ನು ಹೊರಡಿಸಿರಲಿಲ್ಲ. ಇವೆಲ್ಲಕ್ಕೂ ಅವರೊಬ್ಬರೇ ಕಾರಣರೆಂದು ನಾನು ಹೇಳಲಾರೆ; ಗಿರಣಿಗಳಿಂದ ರಾಜ್ಯದ ಸಂಪತ್ತು ಬೆಳೆಯುತ್ತಿದ್ದ ಕಾಲವದು.

1852ರಲ್ಲಿ ಗವರ್ನರ್ ಚುನಾವಣೆಯಲ್ಲಿ ಸೋತ ಮೇಲೆ, ಒಹಾಯೊ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಹಳ್ಳಿಯಲ್ಲಿ ಹೊಸದಾಗಿ ಏಳುತ್ತಿದ್ದ ಆಂಟಿಯಾಕ್ ಕಾಲೇಜಿನ ಮೊದಲ ಅಧ್ಯಕ್ಷ ಪದವಿಯನ್ನು ಅವರು ವಹಿಸಿಕೊಂಡರು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಒಂದೇ ಪಾಠ ಓದುವ ಕಾಲೇಜು. ಶಾಲೆಯ ಮನೆಗಳಿಗಾಗಿ ಜೀವ ತೇದ ಈ ಮನುಷ್ಯ 1853ರ ಅಕ್ಟೋಬರಿನಲ್ಲಿ ಅಧಿಕಾರ ಸ್ವೀಕರಿಸಿದಾಗ ಅಲ್ಲಿನ ಕಟ್ಟಡಗಳೇ ಪೂರ್ಣವಾಗಿರಲಿಲ್ಲ! ಹಣ ಹೊಂದಿಸಿದವರ ಲೆಕ್ಕಾಚಾರ ತಪ್ಪಿತ್ತು. ಸಾಲ ಬೆಳೆಯುತ್ತ ಹೋಯಿತು. ಎಷ್ಟೋ ತಿಂಗಳು ಸಂಬಳವೂ ಬರಲಿಲ್ಲ. 1859ರಲ್ಲಿ ಕಾಲೇಜು ಹರಾಜಿಗೆ ಬಂತು. ಸ್ನೇಹಿತರು ಕೊಂಡುಕೊಂಡು ಅದನ್ನು ಉಳಿಸಿದರು. ಆ ವರ್ಷದ ಪದವಿ ಸಮಾರಂಭವನ್ನು ಹೇಗೋ ನಡೆಸಿ ಹಾಸಿಗೆ ಹಿಡಿದ ಮ್ಯಾನ್ ಆಗಸ್ಟ್ 2ರಂದು ಕೊನೆಯುಸಿರೆಳೆದರು. ದೇಹವನ್ನು ಮುಂದೆ ಪ್ರಾವಿಡೆನ್ಸ್ ನಗರಕ್ಕೆ ಒಯ್ದು ಮೊದಲ ಪತ್ನಿ ಶಾರ್ಲಟ್ ಅವರ ಪಕ್ಕದಲ್ಲಿ ಮಣ್ಣು ಮಾಡಿದರು. ಆ ಕಾಲೇಜು 2008ರಲ್ಲಿ ಒಮ್ಮೆ ಮುಚ್ಚಿ, ಹಳೆಯ ವಿದ್ಯಾರ್ಥಿಗಳ ಪ್ರಯತ್ನದಿಂದ 2011ರಲ್ಲಿ ಮತ್ತೆ ತೆರೆದ ಸಂಗತಿಯನ್ನು ಈ ಸಂಚಿಕೆಯ ಓದುಗರ ಗಮನಕ್ಕೆ ಬೇಕೆಂದೇ ತರುತ್ತಿದ್ದೇನೆ.

ಬೈಲಿಗೊಂದು ವಲಯವೆಂಬ ಪದ್ಧತಿಯನ್ನು ಮ್ಯಾಸಚೂಸೆಟ್ಸ್ ಕಟ್ಟಕಡೆಗೆ ಕೈಬಿಟ್ಟದ್ದು 1882ರಲ್ಲಿ, ಅವರು ಸತ್ತು ಇಪ್ಪತ್ತಮೂರು ವರ್ಷಗಳಾದ ಮೇಲೆ. ನಮ್ಮ ಪಶ್ಚಿಮದ ಗೋಡೆ ಮಾತ್ರ ಅಷ್ಟು ಕಾಯಲಿಲ್ಲ. ಮೂರು ಬೇಸಗೆಗಳಲ್ಲಿ, ಮೂರು ಕಂತಿನಲ್ಲಿ ಅದು ಎದ್ದಿತು. ನಡುವೆ ಮಂಡಳಿಯ ಅಧ್ಯಕ್ಷರು ಎರಡು ಸಲ ಬದಲಾದರು. ಮೂರನೆಯ ಪ್ರಶ್ನೆ ಕೇಳಿದ್ದವರನ್ನೇ ಲೆಕ್ಕಪತ್ರಕ್ಕೆ ಕೂರಿಸಿದೆವು. ಅವರು ಬರೆದ ಪುಸ್ತಕ ಕಚೇರಿಯ ಕಪಾಟಿನಲ್ಲಿ ಇಂದಿಗೂ ಇದೆ, ಉತ್ಸವಕ್ಕೆ ಬರುವವರು ನೋಡಬಹುದು.

ಫ್ರಾಂಕ್ಲಿನ್ ಊರಿನವರು ಅಂದು ಗಂಟೆಯ ಬದಲು ಬಂದ ಆ ಪುಸ್ತಕಗಳನ್ನು ತಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಶಾಲೆಯ ಗಂಟೆ ಮಾತ್ರ ಅದೇ ಹಳೆಯ ರೈಲು ಹಳಿಯ ತುಂಡು. ಹೊಸ ಕಟ್ಟಡದ ಜಗಲಿಗೆ ಅದನ್ನು ಸ್ಥಳಾಂತರಿಸಿದಾಗ ಅದರ ಕೊಕ್ಕೆಯನ್ನು ತಾನೇ ಬಡಿದು ಕೊಟ್ಟವನು ಐದನೆಯ ತರಗತಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದ ಹುಡುಗರಲ್ಲೊಬ್ಬ.